ಕಡ್ಡಿಯ ಮೇಲಿನ ಬಿಳಿ

ಮಂಗಳವಾರ ಬರಬೇಕಿದ್ದ ನೈಟ್ರೋಜನ್ ಲಾರಿ
ಗುರುವಾರವಾದರೂ ಬಂದಿಲ್ಲ.
ಜಾಡಿಯ ಬಾಯಿ ತೆಗೆದು, ಮರದ ಕಡ್ಡಿ ಇಳಿಬಿಟ್ಟು,
ಹತ್ತು ಎಣಿಸಿ, ಎತ್ತಿ, ಗಾಳಿಗೆ ಬೀಸಿದರೆ
ಎಲ್ಲಿಯವರೆಗೆ ಬೆಳ್ಳಗಾಯಿತೋ ಅಲ್ಲಿಯವರೆಗೆ ಇದೆ.
ಇವತ್ತು ಐದು ಬೆರಳು.
ನಿನ್ನೆ ಐದೂವರೆ.
ಯಾರೂ ಕುಡಿಯಲಿಲ್ಲ, ಯಾರೂ ಚೆಲ್ಲಲಿಲ್ಲ.
ಕೂತಲ್ಲೇ ಆವಿಯಾಗುವುದು ಅದರ ಕಸುಬು,
ತಡೆಯುವುದು ನನ್ನದು.

ಸಾಲಗಾಮೆ ರಸ್ತೆಯ ದನದ ಆಸ್ಪತ್ರೆ. ಇಪ್ಪತ್ತೆರಡು ವರ್ಷ.
ಜಾಡಿಯೊಳಗೆ ಜರ್ಸಿ, ಎಚ್‌ಎಫ್, ಒಂದು ಗೊಂಚಲು ಹಳ್ಳಿಕಾರ್.
ಬೆಂಕಿಕಡ್ಡಿಯಷ್ಟು ಸಪೂರದ ಸ್ಟ್ರಾಗಳಲ್ಲಿ
ಸತ್ತುಹೋದ ಹೋರಿಗಳೂ ಸರದಿ ಕಾಯುತ್ತಿವೆ.

ಫ್ಲೇವಿಯಾ ಮೇಡಂ ಬಂದದ್ದು ನಾಯಿಮರಿಗೆ ಇಂಜೆಕ್ಷನ್ ಹಾಕಿಸಲು.
ದೊಡ್ಡ ಬಿಳಿ ತಟ್ಟೆಗಳು ಆಕಾಶ ನೋಡುವ ಆ ಕಾಂಪೌಂಡಿನವರು.
ನಾಯಿ ಮರೆತು ಕಡ್ಡಿ ನೋಡುತ್ತ ನಿಂತರು.
"ಇನ್ನೊಂದು ಸಲ ಅದ್ದಿ, ಚೆಲುವಯ್ಯ."

ಅವರದೂ ಟ್ಯಾಂಕಿನ ಲೆಕ್ಕವೇ. ನೌಕೆಯದು.
ಅದರೊಳಗಿನ ದ್ರವ ಹೈಡ್ರೋಜನ್ನಿನ ಎದುರು
ನನ್ನ ನೈಟ್ರೋಜನ್ ಬಿಸಿ ಕಾಫಿಯಂತೆ.
ತಿಂಗಳುಗಟ್ಟಲೆ ಅದನ್ನು ಉಳಿಸುವುದು ಹೇಗೆ,
ಉಳಿದದ್ದು ಎಷ್ಟೆಂದು ತಿಳಿಯುವುದು ಹೇಗೆ.

"ಕಡ್ಡಿ ಇಳಿಬಿಡಿ" ಅಂದೆ.
"ಇಳಿಯೋದು ಅನ್ನೋದೇ ಇಲ್ಲವಲ್ಲ ಅಲ್ಲಿ."

ತಳವೇ ಇಲ್ಲವಂತೆ.
ದ್ರವ ಗೋಡೆ ಹಿಡಿದು ಹತ್ತಿ ಸುತ್ತ ಅಂಟಿ ಕೂರುತ್ತದಂತೆ,
ಹಬೆ ನಡುವೆ, ಮೊಟ್ಟೆಯೊಳಗಿನ ಹಳದಿಯ ಹಾಗೆ.
ಒತ್ತಡ ಏರಿತೆಂದು ಬಾಯಿ ತೆರೆದರೆ
ಹೋದದ್ದು ಹಬೆಯೋ, ಉಗುಳಿದ್ದು ಇಂಧನವೋ, ಖಾತ್ರಿಯಿಲ್ಲ.
ಅದಕ್ಕೇ ಮೊದಲು ಇಡೀ ನೌಕೆಯನ್ನು ಇಷ್ಟೇ ಇಷ್ಟು ಮುಂದೆ ನೂಕಿ,
ರಚ್ಚೆ ಹಿಡಿದ ಮಗುವನ್ನು ಗೋಡೆಗೆ ಒರಗಿಸಿ ಕೂರಿಸಿದಂತೆ
ದ್ರವವನ್ನು ಒಂದು ಕಡೆ ಕೂರಿಸಬೇಕು.
ಆ ನೂಕಿಗೂ ಇಂಧನ.

ನಾನು ನಕ್ಕೆ. ಕಟ್ಟಾಯದ ದಾರಿಯ ಗುಂಡಿಗಳಲ್ಲಿ
ಬೈಕಿನ ಹಿಂದೆ ಪುಟ್ಟ ಜಾಡಿ ಮಾಡುವ ರಂಪ ಹೇಳಿದೆ.
ತುಂಬಿದ ಕೊಡ ತುಳುಕುವುದಿಲ್ಲ, ನಿಜ ಮೇಡಂ,
ಆದರೆ ತುಂಬಿದ ಕೊಡ ಯಾರ ಹತ್ತಿರ ಎಷ್ಟು ದಿನ ಇರುತ್ತೆ?
ನಮ್ಮ ಪಾಡೆಲ್ಲ ಅರ್ಧ ಕೊಡದ್ದು.
ಅವರು ಅದನ್ನು ನಾಯಿಯ ಚೀಟಿಯ ಹಿಂದೆ ಬರೆದುಕೊಂಡರು.

ಲಾರಿಯಿಂದ ತುಂಬಿಸುವಾಗ ಮೊದಲ ಪಾಲು ಪೈಪಿಗೇ.
ಪೈಪು ತಣ್ಣಗಾಗುವವರೆಗೆ ಬುಸುಗುಟ್ಟಿ, ಹೊಗೆಯಾಗಿ,
ಒಂದು ಹನಿಯೂ ಜಾಡಿಗೆ ಬೀಳದು.
ಹೊಸ ಡ್ರೈವರು ಅದನ್ನು ನಷ್ಟ ಅನ್ನುತ್ತಾನೆ.
"ಅಲ್ಲೂ ಹಾಗೇ" ಅಂದರು ಮೇಡಂ, "ಆದರೆ ಲಾರಿ ವಾಪಸ್ ಬರಲ್ಲ."

ಹಾಗಾದರೆ ಅಳತೆ?
ಖರ್ಚು ಬರೆದಿಟ್ಟ ಪುಸ್ತಕ, ನನ್ನ ರಿಜಿಸ್ಟರಿನಂತೆ.
ದಿನಕ್ಕೊಂದು ಸಾಸಿವೆ ತಪ್ಪಿದರೂ ವರ್ಷಕ್ಕೆ ಕುಂಬಳಕಾಯಿ.
ಇಲ್ಲವೇ ಟ್ಯಾಂಕಿಗೆ ಚೂರೇ ಚೂರು ಶಾಖ ಕೊಟ್ಟು
ಎಷ್ಟು ನಿಧಾನ ಬೆಚ್ಚಗಾಗುತ್ತದೆಂದು ನೋಡುವುದು.
ತುಂಬಿದ ಪಾತ್ರೆಯ ಹಾಲು ಬೇಗ ಕಾಯದು,
ಡೈರಿಗೆ ಹಾಲು ಹಾಕುವ ಯಾವ ಹೆಂಗಸಿಗೂ ಗೊತ್ತು.
ಆದರೆ ತಣ್ಣಗಿಡಬೇಕಾದ್ದನ್ನು, ಅಳೆಯಲೆಂದೇ, ಬೆಚ್ಚಗೆ ಮಾಡುವುದು...
ಅಲ್ಲಿ ಮಾತು ನಿಂತಿತು. ನಾಯಿಮರಿ ಕುಂಯ್ ಅಂತು.

ಶುಕ್ರವಾರ ಬೆಳಗ್ಗೆ ದೊಡ್ಡ ಜಾಡಿಯ ಹೆಗಲು ಬೆವೆತಿತ್ತು.
ಎರಡು ಗೋಡೆಗಳ ನಡುವಿನ ಏನೂ ಇಲ್ಲದ ಜಾಗಕ್ಕೆ
ಎಲ್ಲಿಂದಲೋ ಗಾಳಿ ಸೇರಿದೆ. ಇನ್ನು ಅದು ಬರೀ ತಪ್ಪಲೆ.
ಪುಟ್ಟ ಜಾಡಿಗೆ ಹಿಡಿಸುವಷ್ಟು ಎತ್ತಿದೆ, ಉಸಿರು ಬಿಗಿಹಿಡಿದು.
ಹಳ್ಳಿಕಾರ್ ಎಲ್ಲವೂ. ಜರ್ಸಿಯಲ್ಲಿ ಅರ್ಧ.
ಉಳಿದ ಹೋರಿಗಳು ಈ ಸಲ ನಿಜವಾಗಿ ಸತ್ತವು.
ರಿಜಿಸ್ಟರಿನಲ್ಲಿ 'ಆವಿ' ಎಂದು ಬರೆದೆ. ಬೇರೆ ಕಾಲಂ ಇಲ್ಲ.

ಕಟ್ಟಾಯದಿಂದ ಫೋನು.
ಹಸು ಬೆಳಗಿನಿಂದ ಕೂಗುತ್ತಿದೆ, ಸಂಜೆಯೊಳಗೆ ಬನ್ನಿ.
ಹೊರಡುವ ಮುಂಚೆ ಕಡ್ಡಿ ಅದ್ದಿ ಬೀಸಿದೆ.
ಎರಡು ಬೆರಳು. ಅಥವಾ ಎರಡೂ ಕಾಲು.
ಬೆರಳಿಟ್ಟು ನೋಡುವಷ್ಟರಲ್ಲಿ
ಬೆರಳಿನ ಬಿಸಿಗೇ ಬಿಳಿ ಮಾಸಿತು.